ಕಾರ್ಖಾನೆಯಲ್ಲಿ ಶಿಸ್ತು ವಿಚಾರಣೆ ನಡೆಸುವುದು ಹೇಗೆ: ದೂರಿನಿಂದ ಅಂತಿಮ ಆದೇಶದವರೆಗೆ

ಮಾಲು ಗೇಟಿನಲ್ಲೇ ಸಿಕ್ಕಿರುತ್ತದೆ, ನೋಡಿದವರು ನಾಲ್ಕು ಜನ ಇರುತ್ತಾರೆ. ಆದರೂ ಐದಾರು ವರ್ಷದ ಮೇಲೆ ಕೋರ್ಟು ವಜಾ ಆದೇಶ ರದ್ದು ಮಾಡಿ, ಹಿಂಬಾಕಿ ಸಂಬಳ ಕೊಟ್ಟು ಕೆಲಸಗಾರನನ್ನು ವಾಪಸ್ ತೆಗೆದುಕೊಳ್ಳಿ ಎನ್ನುತ್ತದೆ. ಇನ್ನೊಂದು ಕಡೆ, ಏನೂ ತಪ್ಪು ಮಾಡದವನು ಸೂಪರ್‌ವೈಸರ್‌ನ ಒಂದು ಚೀಟಿಗೆ ಕೆಲಸ ಕಳೆದುಕೊಂಡು ಮನೆಯಲ್ಲಿ ಕೂತಿರುತ್ತಾನೆ. ಎರಡು ಫೈಲನ್ನೂ ಬಿಡಿಸಿ ನೋಡಿದರೆ ಎಡವಿದ ಜಾಗ ಒಂದೇ: ವಿಚಾರಣೆಯ ಹಂತಗಳು ಹಿಂದುಮುಂದಾಗಿರುತ್ತವೆ, ಇಲ್ಲವೇ ತೀರ್ಮಾನ ಮೊದಲೇ ಆಗಿ ವಿಚಾರಣೆ ಆಮೇಲೆ ನಡೆದಿರುತ್ತದೆ.

ಈ ಬರಹ ಖಾಸಗಿ ಕಾರ್ಖಾನೆ, ವರ್ಕ್‌ಶಾಪ್, ಗಾರ್ಮೆಂಟ್ಸ್ ಘಟಕಗಳ ವಿಚಾರಣೆಯ ಬಗ್ಗೆ. ರಾಜ್ಯ ಸರ್ಕಾರಿ ನೌಕರರ ಇಲಾಖಾ ವಿಚಾರಣೆಗೆ 1957ರ ಕರ್ನಾಟಕ ಸಿವಿಲ್ ಸೇವಾ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳೇ ಬೇರೆ ಇವೆ. ಲೈಂಗಿಕ ಕಿರುಕುಳದ ದೂರು ಬಂದರೆ ಕೆಳಗಿನ ಯಾವ ಹಂತವನ್ನೂ ಶುರು ಮಾಡಬೇಡಿ. ಅದು 2013ರ ಕಾಯ್ದೆಯ ಪ್ರಕಾರ ಆಂತರಿಕ ಸಮಿತಿಗೆ ಹೋಗಬೇಕು. 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆ ಸಮಿತಿ ಇರಲೇಬೇಕು.

ಶುರು ಮಾಡುವ ಮುನ್ನ ಮೇಜಿನ ಮೇಲೆ ಇರಬೇಕಾದದ್ದು

ನಿಮ್ಮ ಕಾರ್ಖಾನೆಗೆ ಅನ್ವಯಿಸುವ ಸ್ಥಾಯಿ ಆದೇಶಗಳ (ಸ್ಟ್ಯಾಂಡಿಂಗ್ ಆರ್ಡರ್ಸ್, ಅಂದರೆ ಕೆಲಸದ ಷರತ್ತು ಮತ್ತು ಶಿಸ್ತಿನ ಲಿಖಿತ ನಿಯಮಗಳು) ಪ್ರತಿ ಮೊದಲು ಬೇಕು. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಸ್ಥಾಯಿ ಆದೇಶಗಳ ಅಧ್ಯಾಯ 300 ಅಥವಾ ಹೆಚ್ಚು ಕೆಲಸಗಾರರಿರುವ ಕಡೆಗೆ ಅನ್ವಯಿಸುತ್ತದೆ. 60 ಜನರ ಘಟಕದವರು ಇದನ್ನು ಓದಿ, ನಮಗೆ ವಿಚಾರಣೆಯೇ ಬೇಡ ಎಂದುಕೊಳ್ಳುವುದು ದೊಡ್ಡ ತಪ್ಪು. ಆರೋಪ ಹೊರಿಸಿ ಕೆಲಸದಿಂದ ತೆಗೆಯುವ ಮುನ್ನ ಆ ಮನುಷ್ಯನ ಮಾತು ಕೇಳಬೇಕೆನ್ನುವುದು ಸಹಜ ನ್ಯಾಯದ ಮೂಲ ನಿಯಮ. ಅದಕ್ಕೆ ತಲೆಯೆಣಿಕೆ ಇಲ್ಲ.

ಇದಲ್ಲದೆ ನೇಮಕಾತಿ ಪತ್ರ, ಹಾಜರಿ ಮತ್ತು ಶಿಫ್ಟ್ ದಾಖಲೆ, ಗೇಟ್ ರಿಜಿಸ್ಟರ್, ಕೆಲಸಗಾರನ ಈಗಿನ ವಿಳಾಸ, ಹಿಂದಿನ ಶಿಕ್ಷೆಗಳ ದಾಖಲೆ ಬೇಕು. ಕೊನೆಯದನ್ನು ಬೇರೆ ಲಕೋಟೆಯಲ್ಲಿ ಇಡಿ. ಅದು ಹತ್ತನೇ ಹಂತದವರೆಗೆ ವಿಚಾರಣಾಧಿಕಾರಿಯ ಕಣ್ಣಿಗೆ ಬೀಳಬಾರದು.

ಹಂತ 1: ಮೊದಲ ಎರಡು ದಿನದ ತನಿಖೆ

ಘಟನೆ ನಡೆದ ದಿನವೇ ನೋಡಿದವರಿಂದ ಬರಹದಲ್ಲಿ ಹೇಳಿಕೆ ಪಡೆಯಿರಿ. ಅವರವರ ಭಾಷೆಯಲ್ಲಿ, ಅವರವರ ಕೈಬರಹದಲ್ಲಿ, ದಿನಾಂಕ ಮತ್ತು ಗಂಟೆ ಹಾಕಿಸಿ. ನಾಲ್ಕೂ ಹೇಳಿಕೆ ಒಂದೇ ಕಂಪ್ಯೂಟರಿನಲ್ಲಿ ಟೈಪ್ ಆಗಿ ಒಂದೇ ವಾಕ್ಯದಿಂದ ಶುರುವಾಗಿದ್ದರೆ ಪಾಟಿ ಸವಾಲಿನಲ್ಲಿ (ಎದುರು ಪಕ್ಷದವರು ಸಾಕ್ಷಿಗೆ ಹಾಕುವ ಪ್ರಶ್ನೆಗಳಲ್ಲಿ) ಅದು ನಿಲ್ಲುವುದಿಲ್ಲ.

ಸಿಸಿಟಿವಿ ಇದ್ದರೆ ಅದೇ ದಿನ ಪ್ರತಿ ತೆಗೆಯಿರಿ. ಹಳೆಯ ದೃಶ್ಯದ ಮೇಲೆ ಹೊಸದು ತಾನೇ ತಾನಾಗಿ ದಾಖಲಾಗುತ್ತಾ ಹೋಗುತ್ತದೆ. ಆರೋಪಪತ್ರ ಕೊಡುವ ಹೊತ್ತಿಗೆ ಹುಡುಕಿದರೆ ಸಿಗುವುದಿಲ್ಲ. ಪ್ರತಿ ತೆಗೆದವರು ಯಾರು, ಯಾವ ಕ್ಯಾಮೆರಾ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಎಂದು ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿಸಿ. ಮುಂದೆ ಆ ವ್ಯಕ್ತಿಯೇ ಬಂದು ಸಾಕ್ಷಿ ಹೇಳಬೇಕಾಗುತ್ತದೆ. ಮಾಲು ಸಿಕ್ಕಿದ್ದರೆ ತೂಕ ಮಾಡಿ, ಚೀಲಕ್ಕೆ ಸೀಲ್ ಹಾಕಿ, ಕೆಲಸಗಾರನೂ ಇನ್ನಿಬ್ಬರೂ ಸಹಿ ಮಾಡಿದ ಮಹಜರು ಬರೆಯಿರಿ. ಕೆಲಸಗಾರ ಸಹಿಗೆ ಒಪ್ಪದಿದ್ದರೆ ಹಾಗೆಂದು ಬರೆದರೆ ಸಾಕು, ಒತ್ತಾಯ ಬೇಡ.

ಇಲ್ಲಿಯೇ ಆಗುವ ಅನಾಹುತ ಒಂದಿದೆ. ಕೆಲಸಗಾರನನ್ನು ಸೆಕ್ಯುರಿಟಿ ರೂಮಿನಲ್ಲಿ ಕೂರಿಸಿಕೊಂಡು, ತಪ್ಪಾಯ್ತು ಎಂದು ಬರೆದುಕೊಡು, ಬಿಟ್ಟುಬಿಡುತ್ತೇವೆ ಎಂದು ಕಾಗದ ಬರೆಸಿಕೊಳ್ಳುತ್ತಾರೆ. ಆಮೇಲೆ ಅದನ್ನೇ ತಪ್ಪೊಪ್ಪಿಗೆ ಎಂದು ಇಟ್ಟುಕೊಂಡು ವಿಚಾರಣೆಯನ್ನೇ ಬಿಟ್ಟುಬಿಡುತ್ತಾರೆ. ಹೆದರಿಸಿ ಬರೆಸಿದ ಕಾಗದ ಸಾಕ್ಷ್ಯವಾಗಿ ನಿಲ್ಲುವುದಿಲ್ಲ. ಯಾರೂ ಬಂದು ಸಾಬೀತು ಮಾಡದ ತಪ್ಪೊಪ್ಪಿಗೆಯ ಮೇಲೆ ನೌಕರನನ್ನು ತೆಗೆಯಲಾಗದು ಎಂದು ಸುಪ್ರೀಂ ಕೋರ್ಟು ರೂಪ್ ಸಿಂಗ್ ನೇಗಿ ಪ್ರಕರಣದಲ್ಲಿ 2009ರಲ್ಲಿ ಹೇಳಿದೆ. ಅದು ಪೊಲೀಸರ ಮುಂದೆ ಕೊಟ್ಟ ಹೇಳಿಕೆ, ಕೆಲಸ ಹೋಗಿದ್ದು ಬ್ಯಾಂಕ್ ನೌಕರನದು.

ಹಂತ 2: ಅಮಾನತು ನಿಜಕ್ಕೂ ಬೇಕೆ?

ಕೆಲಸಗಾರ ಒಳಗಿದ್ದರೆ ಸಾಕ್ಷಿಗಳನ್ನು ಹೆದರಿಸುತ್ತಾನೆ, ದಾಖಲೆ ತಿದ್ದುತ್ತಾನೆ, ಹೊಡೆದಾಟ ಮುಂದುವರಿಯುತ್ತದೆ ಎಂಬಂಥ ಕಾರಣ ಇದ್ದರೆ ಮಾತ್ರ ಅಮಾನತು ಮಾಡಿ. ತಡವಾಗಿ ಬಂದ, ಎದುರುತ್ತರ ಕೊಟ್ಟ ಎನ್ನುವುದಕ್ಕೆಲ್ಲ ಅಮಾನತು ಬೇಕಿಲ್ಲ. ವಿಚಾರಣೆಗೆ ಮುಂಚಿನ ಅಮಾನತು ಶಿಕ್ಷೆ ಅಲ್ಲ. ಆದೇಶದಲ್ಲಿ “ವಿಚಾರಣೆ ಬಾಕಿ ಇರುವಂತೆ” ಎಂಬ ಮಾತು ಇರಲೇಬೇಕು.

ಅಮಾನತಾದ ದಿನದಿಂದಲೇ ಜೀವನಾಧಾರ ಭತ್ಯೆ ಶುರು. ಸಂಹಿತೆಯ ಪ್ರಕಾರ ಮೊದಲ 90 ದಿನ ವೇತನದ ಶೇ. 50. ಅದರ ಮೇಲೆ ವಿಳಂಬಕ್ಕೆ ಕೆಲಸಗಾರ ಕಾರಣನಲ್ಲದಿದ್ದರೆ ಶೇ. 75. ತನಿಖೆ ಮತ್ತು ವಿಚಾರಣೆ ಎರಡೂ ಸೇರಿ ಅಮಾನತಿನ ದಿನದಿಂದ ಸಾಮಾನ್ಯವಾಗಿ 90 ದಿನದೊಳಗೆ ಮುಗಿಯಬೇಕು. ಕ್ಯಾಲೆಂಡರಿನಲ್ಲಿ ಆ 90ನೇ ದಿನವನ್ನು ಇವತ್ತೇ ಗುರುತು ಹಾಕಿ.

ಭತ್ಯೆ ನಿಲ್ಲಿಸಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಕೋಲಾರದ ಚಿನ್ನದ ಗಣಿಯ ಪ್ರಕರಣವೇ ಇದೆ. ಭಾರತ್ ಗೋಲ್ಡ್ ಮೈನ್ಸ್‌ನ ಭದ್ರತಾ ಅಧಿಕಾರಿ ಕ್ಯಾಪ್ಟನ್ ಎಂ. ಪೌಲ್ ಆಂಥೋನಿಯನ್ನು 1985ರಲ್ಲಿ ಅಮಾನತು ಮಾಡಲಾಯಿತು, ಭತ್ಯೆ ಕೊಡಲಿಲ್ಲ. ಕೇರಳದ ಊರಿನಿಂದ ಕೆಜಿಎಫ್‌ಗೆ ಬಂದು ವಿಚಾರಣೆಯಲ್ಲಿ ಕೂರಲು ಅವರ ಬಳಿ ಹಣವಿರಲಿಲ್ಲ. ವಿಚಾರಣೆ ಏಕಪಕ್ಷೀಯವಾಗಿ ಮುಗಿದು 1986ರಲ್ಲಿ ವಜಾ ಆಯಿತು. 1999ರಲ್ಲಿ ಸುಪ್ರೀಂ ಕೋರ್ಟು ಆ ವಜಾ ನಿಲ್ಲದು ಎಂದಿತು. ಭತ್ಯೆ ಕೊಡದೆ ವಿಚಾರಣೆಗೆ ಬಾ ಎಂದರೆ, ಬಾರದಂತೆ ಮಾಡಿದಂತೆಯೇ. ಪ್ರತಿ ತಿಂಗಳ ಭತ್ಯೆಯ ರಸೀದಿಯನ್ನು ವಿಚಾರಣೆಯ ಫೈಲಿನಲ್ಲೇ ಇಡಿ.

ಹಂತ 3: ಆರೋಪಪತ್ರ ಬರೆಯುವುದು

ಅರ್ಧ ಕೇಸು ಇಲ್ಲೇ ತೀರ್ಮಾನವಾಗುತ್ತದೆ. ಆದ್ದರಿಂದ ಇಲ್ಲಿ ಆತುರ ಮಾಡಬೇಡಿ. ಆರೋಪಪತ್ರದಲ್ಲಿ ಐದು ಸಂಗತಿ ಇರಬೇಕು: ದಿನಾಂಕ, ಗಂಟೆ, ಸ್ಥಳ, ಏನು ಮಾಡಿದರು, ಅದು ಸ್ಥಾಯಿ ಆದೇಶದ ಯಾವ ಕಲಮಿನಲ್ಲಿ ದುರ್ನಡತೆ ಎನಿಸಿದೆ.

ಸಾಮಾನ್ಯವಾಗಿ ಬರುವ ಆರೋಪಪತ್ರ ಹೀಗಿರುತ್ತದೆ: “ನೀವು ಕಂಪನಿಯ ಮಾಲನ್ನು ಕಳ್ಳತನ ಮಾಡುತ್ತಾ ಬಂದಿದ್ದೀರಿ. ನಿಮ್ಮ ನಡತೆ ಸರಿಯಿಲ್ಲ. ನಿಮ್ಮನ್ನು ಏಕೆ ವಜಾ ಮಾಡಬಾರದು?” ಇದರಲ್ಲಿ ಮೂರು ತಪ್ಪಿವೆ. ಯಾವತ್ತು, ಎಷ್ಟು ಎಂದಿಲ್ಲ. “ನಡತೆ ಸರಿಯಿಲ್ಲ” ಎನ್ನುವುದಕ್ಕೆ ಯಾರೂ ಉತ್ತರ ಕೊಡಲಾರರು. ಎಲ್ಲಕ್ಕಿಂತ ಕೆಟ್ಟದ್ದು, ಕಳ್ಳತನವನ್ನು ಆಗಲೇ ಒಪ್ಪಿಕೊಂಡು ಶಿಕ್ಷೆಯನ್ನೂ ಹೇಳಿಬಿಟ್ಟಿದೆ.

ಅದನ್ನೇ ಹೀಗೆ ಬರೆಯಬಹುದು: “ತಾರೀಖು 12ರಂದು ಎರಡನೇ ಶಿಫ್ಟ್ ಮುಗಿಸಿ ರಾತ್ರಿ 10.40ಕ್ಕೆ ಮುಖ್ಯ ಗೇಟಿನಿಂದ ಹೊರಹೋಗುವಾಗ, ನಿಮ್ಮ ಊಟದ ಬ್ಯಾಗಿನಲ್ಲಿ ವೈಂಡಿಂಗ್ ವಿಭಾಗದ 3.2 ಕೆ.ಜಿ. ತಾಮ್ರದ ತಂತಿ ತುಂಡುಗಳು ಗೇಟ್ ಪಾಸ್ ಇಲ್ಲದೆ ಸಿಕ್ಕಿವೆ ಎಂದು ಆರೋಪಿಸಲಾಗಿದೆ. ಇದು ಸಾಬೀತಾದರೆ ಸ್ಥಾಯಿ ಆದೇಶದ ಈ ಕಲಮಿನಡಿ ದುರ್ನಡತೆ ಆಗುತ್ತದೆ. ನಿಮ್ಮ ಲಿಖಿತ ಉತ್ತರವನ್ನು 7 ದಿನದೊಳಗೆ ಕೊಡಿ.” ಆರೋಪ ಎರಡಿದ್ದರೆ ಎರಡು ಬೇರೆ ಬೇರೆ ಕಲಮು ಬರೆಯಿರಿ. ಕಳ್ಳತನ ಮತ್ತು ಸೆಕ್ಯುರಿಟಿಯವರಿಗೆ ಬೈದದ್ದು ಒಂದೇ ವಾಕ್ಯದಲ್ಲಿ ಬೇಡ.

ಪಟ್ಟಿಯಲ್ಲಿ ಇಲ್ಲದ ತಪ್ಪಿಗೆ ಎಳೆದು ಜಗ್ಗಿ ಕಲಮು ಹಚ್ಚಬೇಡಿ. ಸ್ಥಾಯಿ ಆದೇಶದಲ್ಲಿ ದುರ್ನಡತೆ ಎಂದು ಹೇಳದ ಕೃತ್ಯಕ್ಕೆ ಅದರಡಿ ಶಿಕ್ಷೆ ಕೊಡಲಾಗದು ಎಂದು ಗ್ಲ್ಯಾಕ್ಸೋ ಪ್ರಕರಣದಲ್ಲಿ 1983ರಲ್ಲೇ ತೀರ್ಮಾನವಾಗಿದೆ.

ಭಾಷೆಯ ವಿಷಯದಲ್ಲಿ ನಮ್ಮ ಕಾರ್ಖಾನೆಗಳು ಪದೇ ಪದೇ ಮುಗ್ಗರಿಸುತ್ತವೆ. ಏಳನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿದವನಿಗೆ ಎರಡು ಪುಟ ಇಂಗ್ಲಿಷ್ ಆರೋಪಪತ್ರ ಕೊಟ್ಟು, “ಓದಿ ಅರ್ಥ ಮಾಡಿಕೊಂಡೆ” ಎಂದು ಇಂಗ್ಲಿಷಿನಲ್ಲೇ ಸಹಿ ಹಾಕಿಸಿಕೊಳ್ಳುತ್ತಾರೆ. ಅವನಿಗೆ ಅರ್ಥವಾಗಿಲ್ಲ ಎಂದು ತೋರಿಸಲು ಅವನ ವಕೀಲರಿಗೆ ಎರಡು ಪ್ರಶ್ನೆ ಸಾಕು. ಕನ್ನಡಿಗನಿಗೆ ಕನ್ನಡದಲ್ಲಿ, ಒಡಿಶಾ ಅಥವಾ ಬಿಹಾರದಿಂದ ಬಂದವನಿಗೆ ಅವನಿಗೆ ಗೊತ್ತಿರುವ ಭಾಷೆಯಲ್ಲಿ ಕೊಡಿ. ಓದು ಬಾರದವನಿಗೆ ಇಬ್ಬರ ಎದುರು ಓದಿ ಹೇಳಿ, ಹಾಗೆಂದು ಹಿಂಬರಹ ಬರೆಯಿರಿ.

ಕೈಯಲ್ಲಿ ಕೊಟ್ಟರೆ ಸ್ವೀಕೃತಿ ಸಹಿ ಬೇಕು. ತೆಗೆದುಕೊಳ್ಳದಿದ್ದರೆ ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ, ಸ್ವೀಕೃತಿ ಪುರಾವೆ ಸಿಗುವ ಅಂಚೆಯಲ್ಲಿ ಮನೆ ವಿಳಾಸಕ್ಕೆ ಕಳಿಸಿ, ನೋಟಿಸ್ ಬೋರ್ಡಿಗೂ ಹಚ್ಚಿ. ವಾಟ್ಸಾಪ್ ಕೂಡ ಕಳಿಸಬಹುದು, ಆದರೆ ಅದೊಂದನ್ನೇ ನಂಬಿ ಕೂರಬೇಡಿ. ವಾಪಸ್ ಬಂದ ಲಕೋಟೆಯನ್ನು ಒಡೆಯದೆ ಫೈಲಿಗೆ ಹಾಕಿ.

ಹಂತ 4: ಉತ್ತರವನ್ನು ಓದಿ

ಓದಿ ಎನ್ನುವುದನ್ನು ಒತ್ತಿ ಹೇಳಬೇಕಾಗಿದೆ. “ನಿಮ್ಮ ಉತ್ತರ ತೃಪ್ತಿಕರವಾಗಿಲ್ಲ, ವಿಚಾರಣೆಗೆ ಆದೇಶಿಸಲಾಗಿದೆ” ಎಂಬ ಕಾಗದವನ್ನು ಉತ್ತರ ಬರುವ ಮೊದಲೇ ಟೈಪ್ ಮಾಡಿಟ್ಟ ಕಂಪನಿಗಳಿವೆ. ದಿನಾಂಕ ತಾಳೆ ನೋಡಿದರೆ ಅದು ಗೊತ್ತಾಗಿಬಿಡುತ್ತದೆ. ಉತ್ತರದಲ್ಲಿ ಸಮಂಜಸ ವಿವರಣೆ ಇದ್ದರೆ, ಉದಾಹರಣೆಗೆ ಸ್ಕ್ರ್ಯಾಪ್ ಒಯ್ಯಲು ಸೂಪರ್‌ವೈಸರ್ ಹೇಳಿದ್ದರು ಎಂದಿದ್ದರೆ, ಅದನ್ನು ವಿಚಾರಿಸಿ. ಸರಿ ಎನಿಸಿದರೆ ಅಲ್ಲಿಗೇ ಮುಗಿಸಿ.

ತಪ್ಪು ಒಪ್ಪಿಕೊಂಡರೂ ಆ ಒಪ್ಪಿಗೆ ಆರೋಪದ ಪ್ರತಿ ಅಂಶಕ್ಕೂ ಸ್ಪಷ್ಟವಾಗಿ ಇದೆಯೇ ನೋಡಿ. “ಏನಾದರೂ ತಪ್ಪಾಗಿದ್ದರೆ ಕ್ಷಮಿಸಿ” ಎನ್ನುವುದು ತಪ್ಪೊಪ್ಪಿಗೆ ಅಲ್ಲ, ಬಡವನ ವಿನಯ ಅಷ್ಟೇ.

ಹಂತ 5: ವಿಚಾರಣಾಧಿಕಾರಿಯನ್ನು ಆರಿಸುವುದು

ಘಟನೆ ನೋಡಿದವರು, ದೂರು ಕೊಟ್ಟವರು, ಮೊದಲ ತನಿಖೆ ಮಾಡಿದವರು, ಆರೋಪಪತ್ರಕ್ಕೆ ಸಹಿ ಹಾಕಿದವರು, ಇವರು ಯಾರೂ ಆ ಕುರ್ಚಿಯಲ್ಲಿ ಕೂರಬಾರದು. ಮೀನ್‌ಗ್ಲಾಸ್ ಟೀ ಎಸ್ಟೇಟಿನಲ್ಲಿ ಘಟನೆಗೆ ಸಾಕ್ಷಿಯಾದ ಮ್ಯಾನೇಜರುಗಳೇ ವಿಚಾರಣೆಗೂ ಕೂತರು. ಸಾಕ್ಷಿ ಹೇಳಿಸುವುದು ಬಿಟ್ಟು ಕೆಲಸಗಾರರನ್ನೇ ಪ್ರಶ್ನಿಸಿದರು. 1963ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಆ ವಿಚಾರಣೆ ಬಿದ್ದುಹೋಯಿತು.

ಹೊರಗಿನ ವಕೀಲರನ್ನು ವಿಚಾರಣಾಧಿಕಾರಿ ಮಾಡಬಹುದು. ಆದರೆ ಕಂಪನಿಯ ಕೇಸು ಮಂಡಿಸುವ ಮಂಡನಾಧಿಕಾರಿ ಬೇರೆಯವರಾಗಿರಲಿ. ಮಂಡನಾಧಿಕಾರಿ ಕಾನೂನು ಬಲ್ಲವರಾಗಿದ್ದರೆ ಕೆಲಸಗಾರನಿಗೂ ವಕೀಲರ ನೆರವು ಕೊಡಬೇಕಾಗುತ್ತದೆ. ಬಾಂಬೆ ಪೋರ್ಟ್ ಟ್ರಸ್ಟಿನ ನಾಡಕರ್ಣಿ ಪ್ರಕರಣದ 1983ರ ತೀರ್ಪು ಅದನ್ನೇ ಹೇಳುತ್ತದೆ. ಸಣ್ಣ ಕಾರ್ಖಾನೆಗಳಿಗೆ ಸುಲಭದ ದಾರಿ ಎಂದರೆ ಬೇರೆ ವಿಭಾಗದ ಹಿರಿಯರೊಬ್ಬರನ್ನು ಮಂಡನಾಧಿಕಾರಿ ಮಾಡುವುದು. ಎರಡೂ ಕಡೆ ಸಮ ಇರುತ್ತದೆ.

ಹಂತ 6: ಮೊದಲ ದಿನದ ಕಲಾಪ

ನೋಟಿಸಿನಲ್ಲಿ ದಿನ, ಗಂಟೆ, ಕೊಠಡಿ, ಸಹೋದ್ಯೋಗಿಯೊಬ್ಬರನ್ನು ಅಥವಾ ಸ್ಥಾಯಿ ಆದೇಶ ಒಪ್ಪುವ ಯೂನಿಯನ್ ಪದಾಧಿಕಾರಿಯನ್ನು ನೆರವಿಗೆ ಕರೆತರಬಹುದು ಎಂಬ ಮಾತು, ಸಾಕ್ಷಿಗಳನ್ನೂ ದಾಖಲೆಗಳನ್ನೂ ತರಬಹುದು ಎಂಬ ಮಾತು ಇರಲಿ. ಕನಿಷ್ಠ 7 ದಿನದ ಅಂತರ ಕೊಡಿ. ಜೊತೆಗೆ ಕಂಪನಿ ನೆಚ್ಚಿರುವ ದಾಖಲೆಗಳ ಪ್ರತಿ, ಸಾಕ್ಷಿಗಳ ಪಟ್ಟಿ, ಅವರ ಹೇಳಿಕೆಗಳ ಪ್ರತಿ ಕಳಿಸಿಬಿಡಿ. ಬಚ್ಚಿಟ್ಟು ಆಮೇಲೆ ಹೊರತೆಗೆಯುವುದರಿಂದ ಕಂಪನಿಗೇ ನಷ್ಟ.

ಅಂದು ವಿಚಾರಣಾಧಿಕಾರಿ ಮಾಡಬೇಕಾದ್ದು ಈ ಕ್ರಮದಲ್ಲಿ: ಹಾಜರಿದ್ದವರ ಹೆಸರು ಬರೆಯುವುದು, ಯಾವ ಭಾಷೆಯಲ್ಲಿ ನಡೆಸಬೇಕೆಂದು ಕೆಲಸಗಾರನನ್ನು ಕೇಳುವುದು, ವಿಚಾರಣೆ ಹೇಗೆ ನಡೆಯುತ್ತದೆ ಎಂದು ವಿವರಿಸುವುದು, ನೆರವಿಗೆ ಯಾರನ್ನಾದರೂ ಕರೆತಂದಿದ್ದೀರಾ ಎಂದು ಕೇಳುವುದು, ಆರೋಪ ಓದಿ ಹೇಳುವುದು, ಒಪ್ಪುತ್ತೀರಾ ಇಲ್ಲವಾ ಎಂದು ಕೇಳಿ ಉತ್ತರವನ್ನು ಅವರ ಮಾತಿನಲ್ಲೇ ಬರೆಯುವುದು. ನೆರವಿನವರು ಸಿಕ್ಕಿಲ್ಲ, ಸಮಯ ಬೇಕು ಎಂದರೆ ಒಂದು ಸಲ ಕೊಡಿ. ಒಂದು ವಾರ ಉಳಿಸಲು ಹೋಗಿ ಐದು ವರ್ಷ ಕಳೆದುಕೊಳ್ಳಬೇಡಿ.

ಹಂತ 7: ಸಾಕ್ಷ್ಯ, ಮೊದಲು ಕಂಪನಿಯದು

ಅತಿ ಹೆಚ್ಚು ವಿಚಾರಣೆಗಳು ಕೆಡುವುದು ಇಲ್ಲಿ. ಕೆಲಸಗಾರ ಕೂತ ಕೂಡಲೇ, “ನೀವು ಅವತ್ತು ಬ್ಯಾಗಿನಲ್ಲಿ ಏನು ಇಟ್ಟುಕೊಂಡಿದ್ದಿರಿ?” ಎಂದು ವಿಚಾರಣಾಧಿಕಾರಿ ಶುರು ಮಾಡುತ್ತಾರೆ. ಆರೋಪ ಹೊರಿಸಿದವರು ಸಾಬೀತು ಮಾಡಬೇಕು. ಕಂಪನಿಯ ಸಾಕ್ಷಿಗಳೆಲ್ಲ ಮುಗಿಯುವವರೆಗೆ ಕೆಲಸಗಾರನಿಗೆ ಒಂದೂ ಪ್ರಶ್ನೆ ಹಾಕುವಂತಿಲ್ಲ.

ಪ್ರತಿ ಸಾಕ್ಷಿಗೂ ಮೂರು ಹೆಜ್ಜೆ: ಮಂಡನಾಧಿಕಾರಿಯಿಂದ ಮುಖ್ಯ ವಿಚಾರಣೆ, ಕೆಲಸಗಾರ ಅಥವಾ ಅವರ ನೆರವಿನವರಿಂದ ಪಾಟಿ ಸವಾಲು, ಬೇಕಿದ್ದರೆ ಮರು ವಿಚಾರಣೆ. ಒಬ್ಬ ಸಾಕ್ಷಿ ಹೇಳುವಾಗ ಉಳಿದವರು ಹೊರಗೆ ಕೂರಬೇಕು. ಕೆಲಸಗಾರ ಮಾತ್ರ ಉದ್ದಕ್ಕೂ ಒಳಗೇ ಇರಬೇಕು.

ದಾಖಲೆ ತನ್ನಷ್ಟಕ್ಕೆ ಸಾಕ್ಷಿ ಹೇಳುವುದಿಲ್ಲ. ಗೇಟ್ ರಿಜಿಸ್ಟರ್ ಬರೆದ ಗಾರ್ಡ್ ಬಂದು, ಇದು ನನ್ನ ಕೈಬರಹ ಎಂದ ಮೇಲೆಯೇ ಅದಕ್ಕೆ ನಿಶಾನೆ (ಎಕ್ಸಿಬಿಟ್) ಸಂಖ್ಯೆ ಕೊಡಿ. ಮೊದಲು ಬರೆದುಕೊಟ್ಟ ಹೇಳಿಕೆಯನ್ನು ಸಾಕ್ಷಿ ಕೇಳಿ, ನನ್ನದೇ ಎಂದು ಒಪ್ಪಿದರೆ ಮತ್ತೆ ಎಲ್ಲವನ್ನೂ ಹೇಳಿಸಬೇಕಿಲ್ಲ. ಆದರೆ ಅದರ ಪ್ರತಿ ಮುಂಚೆಯೇ ಕೆಲಸಗಾರನ ಕೈಯಲ್ಲಿರಬೇಕು, ಪಾಟಿ ಸವಾಲಿಗೆ ಅವಕಾಶ ಸಿಗಬೇಕು. ಮೈಸೂರು ರಾಜ್ಯ ಸರ್ಕಾರ ಮತ್ತು ಶಿವಬಸಪ್ಪ ಮಕಾಪುರ ಎಂಬುವರ ನಡುವಿನ ಪ್ರಕರಣದಿಂದ, ಅಂದರೆ 1960ರ ದಶಕದ ಆರಂಭದಿಂದ ಈ ನಿಯಮ ನಿಂತಿದೆ.

ನಡವಳಿಯನ್ನು (ಕಲಾಪದ ದಾಖಲೆಯನ್ನು) ಪ್ರಶ್ನೋತ್ತರವಾಗಿ ಬರೆದರೆ ಒಳ್ಳೆಯದು. ಗಾರ್ಡ್‌ನ ಪಾಟಿ ಸವಾಲು ಹೀಗೆ:

ಪ್ರಶ್ನೆ: ಬ್ಯಾಗ್ ತೆರೆದವರು ಯಾರು?
ಉತ್ತರ: ನಾನೇ ತೆರೆದೆ.
ಪ್ರಶ್ನೆ: ಅದಕ್ಕೂ ಮುಂಚೆ ಬ್ಯಾಗ್ ಎಲ್ಲಿತ್ತು?
ಉತ್ತರ: ಲಾಕರ್ ರೂಮಿನ ಹೊರಗೆ, ಬೆಂಚಿನ ಮೇಲೆ.
ಪ್ರಶ್ನೆ: ಆ ಬೆಂಚಿನ ಹತ್ತಿರ ಬೇರೆಯವರೂ ಓಡಾಡುತ್ತಾರಲ್ಲವೇ?
ಉತ್ತರ: ಹೌದು, ಶಿಫ್ಟ್ ಬಿಡುವ ಹೊತ್ತು, ಎಲ್ಲರೂ ಇದ್ದರು.

ಈ ಮೂರನೇ ಉತ್ತರವೇ ಕೆಲಸಗಾರನ ಪೂರ್ತಿ ವಾದ. ಅದನ್ನು “ಸಾಕ್ಷಿ ಆರೋಪವನ್ನು ಸಮರ್ಥಿಸಿದರು” ಎಂದು ಒಂದು ಸಾಲಿಗೆ ಇಳಿಸಿಬಿಟ್ಟರೆ ಅನ್ಯಾಯವಾಗುತ್ತದೆ.

ವಿಚಾರಣಾಧಿಕಾರಿ ಅಸ್ಪಷ್ಟವಾದದ್ದನ್ನು ಕೇಳಿ ತಿಳಿಯಬಹುದು. ಸಾಕ್ಷಿಯ ಬಾಯಿಗೆ ಉತ್ತರ ತುರುಕುವುದು, ಕೆಲಸಗಾರನನ್ನು ತಾನೇ ಪಾಟಿ ಸವಾಲು ಮಾಡುವುದು ಸಲ್ಲದು. ಪ್ರತಿ ಪುಟದ ಕೊನೆಗೆ ಎಲ್ಲರ ಸಹಿ ಇರಲಿ, ಪ್ರತಿಯನ್ನು ಅದೇ ದಿನ ಕೆಲಸಗಾರನಿಗೆ ಕೊಡಿ. ಕಂಪನಿಯ ಸಾಕ್ಷ್ಯ ಮುಗಿಯಿತು ಎಂದು ಬರೆದ ಮೇಲೆ ಕೆಲಸಗಾರನ ಸರದಿ: ಮೊದಲು ಅವರ ಹೇಳಿಕೆ, ಆಮೇಲೆ ಅವರ ಸಾಕ್ಷಿಗಳು. ಅವರು ಕರೆಯುವ ಸಾಕ್ಷಿ ಕಂಪನಿಯಲ್ಲೇ ಕೆಲಸದಲ್ಲಿದ್ದರೆ, ಬಂದು ಹೇಳಿದ್ದಕ್ಕೆ ಸಂಬಳ ಕಡಿತವಾಗದಂತೆ ಆ ದಿನ ಬಿಡುವು ಕೊಡಿಸಿ.

ಹಂತ 8: ಕೆಲಸಗಾರ ಬಾರದಿದ್ದರೆ

ಒಂದು ದಿನ ಬರಲಿಲ್ಲ ಎಂದು ಅಂದೇ ಏಕಪಕ್ಷೀಯ ಮಾಡಬೇಡಿ. ಮತ್ತೊಂದು ನೋಟಿಸ್ ಕಳಿಸಿ, ಈ ಸಲವೂ ಬಾರದಿದ್ದರೆ ನಿಮ್ಮ ಗೈರಿನಲ್ಲೇ ಮುಂದುವರಿಸುತ್ತೇವೆ ಎಂದು ಸ್ಪಷ್ಟವಾಗಿ ಬರೆಯಿರಿ. ಏಕಪಕ್ಷೀಯವಾದರೂ ಸಾಕ್ಷಿಗಳನ್ನು ಕರೆಸಿ ಹೇಳಿಸಲೇಬೇಕು. “ಬಾರದ್ದರಿಂದ ಆರೋಪ ಸಾಬೀತಾಗಿದೆ” ಎಂದು ಬರೆದ ವರದಿ ಯಾವ ಕೋರ್ಟಿನಲ್ಲೂ ನಿಲ್ಲದು. ಅವರು ನಡುವೆ ಬಂದರೆ ಆ ಹಂತದಿಂದ ಸೇರಿಸಿಕೊಳ್ಳಿ.

ಕೆಲಸಕ್ಕೇ ಬಾರದೆ ಉಳಿದವರ ವಿಷಯವೂ ಇಷ್ಟೇ. ಇಂತಿಷ್ಟು ದಿನ ಬಾರದಿದ್ದರೆ ಹೆಸರು ತಾನಾಗಿ ಹೋಗುತ್ತದೆ ಎಂಬ ಕಲಮು ನೆಚ್ಚಿ ವಿಚಾರಣೆಯಿಲ್ಲದೆ ತೆಗೆಯುವುದನ್ನು ಡಿ.ಕೆ. ಯಾದವ್ ಪ್ರಕರಣ 1993ರಲ್ಲೇ ತಳ್ಳಿಹಾಕಿದೆ. ಊರಿನಲ್ಲಿ ಕಾಯಿಲೆ ಬಿದ್ದು ಮಲಗಿದವನಿಗೂ ಬೇರೆ ಕೆಲಸ ಹಿಡಿದು ಹೋದವನಿಗೂ ಇರುವ ವ್ಯತ್ಯಾಸ ವಿಚಾರಿಸಿದರೆ ತಾನೇ ಗೊತ್ತಾಗುವುದು?

ಹಂತ 9: ವರದಿ

ಕ್ರಿಮಿನಲ್ ಕೇಸಿನಂತೆ ಸಂಶಯಕ್ಕೆ ಎಡೆಯಿಲ್ಲದ ಸಾಬೀತು ಇಲ್ಲಿ ಬೇಕಿಲ್ಲ. ನಡೆದಿರುವ ಸಾಧ್ಯತೆಯೇ ಹೆಚ್ಚು ಎಂದು ತೋರಿದರೆ ಸಾಕು. ಬರೀ ಅನುಮಾನ ಮಾತ್ರ ಸಾಲದು.

ಪ್ರತಿ ಆರೋಪಕ್ಕೂ ಕಂಪನಿ ಏನು ಹೇಳಿತು, ಕೆಲಸಗಾರ ಏನು ಹೇಳಿದರು, ಯಾವುದನ್ನು ಏಕೆ ನಂಬಿದೆ ಎಂದು ಬರೆಯಿರಿ. ಬೆಂಚಿನ ಮೇಲಿದ್ದ ಬ್ಯಾಗಿನ ವಾದವನ್ನು ಒಪ್ಪದಿದ್ದರೆ ಅದಕ್ಕೆ ಕಾರಣ ಕೊಡಿ, ಸುಮ್ಮನೆ ಹಾರಿಸಿಕೊಂಡು ಹೋಗಬೇಡಿ. ನಡವಳಿಯಲ್ಲಿ ಇಲ್ಲದ ಯಾವುದೂ ವರದಿಯಲ್ಲಿ ಬರಕೂಡದು. ಶಿಕ್ಷೆ ಏನೆಂದು ಹೇಳುವುದು ವಿಚಾರಣಾಧಿಕಾರಿಯ ಕೆಲಸವಲ್ಲ.

ಹಂತ 10: ವರದಿಯ ಪ್ರತಿ, ಆಮೇಲೆ ಶಿಕ್ಷೆಯ ಯೋಚನೆ

ವರದಿ ಕೈಗೆ ಬಂದ ಕೂಡಲೇ ವಜಾ ಆದೇಶ ಬರೆದು, ವರದಿಯನ್ನು ಅದರ ಜೊತೆಗೇ ಲಗತ್ತಿಸುವುದು ಇಂದಿಗೂ ನಡೆದಿದೆ. ಇದು ತಪ್ಪು. ವರದಿಯ ಪ್ರತಿ ಮೊದಲು ಕೆಲಸಗಾರನಿಗೆ ಹೋಗಬೇಕು, ಅದರ ಮೇಲೆ ಅವರ ಮಾತು ಬರಬೇಕು, ಆನಂತರವೇ ಶಿಸ್ತು ಪ್ರಾಧಿಕಾರ, ಅಂದರೆ ಶಿಕ್ಷೆ ಕೊಡುವ ಅಧಿಕಾರ ಇರುವವರು, ತೀರ್ಮಾನಿಸಬೇಕು. ಇಸಿಐಎಲ್ ವಿರುದ್ಧ ಬಿ. ಕರುಣಾಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 1993ರಲ್ಲಿ ಇದನ್ನು ಖಾಸಗಿ ಸಂಸ್ಥೆಗಳಿಗೂ ಸೇರಿಸಿ ಹೇಳಿದೆ. 15 ದಿನ ಕೊಡಿ.

ಈಗ ಆ ಬೇರೆ ಲಕೋಟೆ ತೆರೆಯುವ ಹೊತ್ತು. ಹಿಂದಿನ ಶಿಕ್ಷೆಗಳನ್ನು ಲೆಕ್ಕಕ್ಕೆ ಹಿಡಿಯುವುದಾದರೆ ಯಾವ ವರ್ಷ ಯಾವುದಕ್ಕೆ ಏನು ಶಿಕ್ಷೆ ಎಂದು ನೋಟಿಸಿನಲ್ಲಿ ಬರೆದು ಉತ್ತರ ಕೇಳಿ. ನೋಟಿಸಿನಲ್ಲಿ ಹೇಳದ ಹಳೆಯ ದಾಖಲೆಯ ಮೇಲೆ ವಜಾ ಮಾಡಿದ್ದಕ್ಕೇ ಮೈಸೂರು ರಾಜ್ಯ ಸರ್ಕಾರ ಕೆ. ಮಂಚೇಗೌಡ ಪ್ರಕರಣದಲ್ಲಿ 1963ರಲ್ಲಿ ಸೋತಿತು. ಶಿಕ್ಷೆ ತಪ್ಪಿನ ತೂಕಕ್ಕೆ ತಕ್ಕಂತಿರಲಿ. 20 ವರ್ಷ ಕಳಂಕವಿಲ್ಲದೆ ದುಡಿದವರು ಒಂದು ದಿನ ಜಗಳ ಮಾಡಿದ್ದಕ್ಕೆ ವಜಾ ಮಾಡಿದರೆ ಅದನ್ನು ತಗ್ಗಿಸುವ ಅಧಿಕಾರ ಕಾರ್ಮಿಕ ನ್ಯಾಯಾಲಯಗಳಿಗೆ 1971ರಲ್ಲೇ ಬಂತು, ಸಂಹಿತೆಯಡಿ ಅದು ನ್ಯಾಯಮಂಡಳಿಗಳಿಗೆ ಇದೆ.

ಹಂತ 11: ಆದೇಶ ಹೊರಡಿಸುವ ದಿನ

ಆದೇಶದಲ್ಲಿ ಕೆಲಸಗಾರನ ಉತ್ತರವನ್ನು ಓದಿದ್ದಕ್ಕೆ ಗುರುತು ಇರಬೇಕು, ಶಿಕ್ಷೆಗೆ ಕಾರಣ ಇರಬೇಕು, ಮೇಲ್ಮನವಿ ಯಾರಿಗೆ, ಎಷ್ಟು ದಿನದೊಳಗೆ ಎಂದು ಬರೆದಿರಬೇಕು.

ಆ ಹೊತ್ತಿಗೆ ಕಂಪನಿಯಲ್ಲಿ ಯಾವುದಾದರೂ ಕೈಗಾರಿಕಾ ವಿವಾದ ಸಂಧಾನಾಧಿಕಾರಿ ಅಥವಾ ನ್ಯಾಯಮಂಡಳಿಯ ಮುಂದೆ ಬಾಕಿ ಇದೆಯೇ ನೋಡಿ. ಇದ್ದು, ವಜಾ ಮಾಡುತ್ತಿರುವ ದುರ್ನಡತೆಗೂ ಆ ವಿವಾದಕ್ಕೂ ಸಂಬಂಧ ಇಲ್ಲದಿದ್ದರೂ, ಒಂದು ತಿಂಗಳ ವೇತನ ಕೊಟ್ಟು ಅನುಮೋದನೆಗೆ ಅರ್ಜಿ ಹಾಕಲೇಬೇಕು. ವಜಾ, ವೇತನ, ಅರ್ಜಿ ಮೂರೂ ಒಟ್ಟಿಗೇ ಆಗಬೇಕು. ಸಂಬಂಧ ಇದ್ದರೆ ಮೊದಲು ಅನುಮತಿ, ಆಮೇಲೆ ವಜಾ. ಅನುಮೋದನೆ ಸಿಗದ ವಜಾ ವಜಾವೇ ಅಲ್ಲ ಎಂದು ಜೈಪುರದ ಭೂ ಅಭಿವೃದ್ಧಿ ಬ್ಯಾಂಕಿನ ಪ್ರಕರಣದಲ್ಲಿ 2002ರಲ್ಲಿ ತೀರ್ಪಾಗಿದೆ.

ಕೇಸು ನ್ಯಾಯಮಂಡಳಿಗೆ ಹೋದರೆ ವಿಚಾರಣೆ ನ್ಯಾಯಯುತವೇ ಎಂಬುದು ಮೊದಲ ಪ್ರಶ್ನೆಯಾಗುತ್ತದೆ. ಅದು ಬಿದ್ದರೆ ಕೋರ್ಟಿನಲ್ಲೇ ಸಾಕ್ಷಿ ಹೇಳಿಸಲು ಅವಕಾಶ ಬೇಕೆಂದು ಕಂಪನಿ ತನ್ನ ಮೊದಲ ಲಿಖಿತ ಹೇಳಿಕೆಯಲ್ಲೇ ಕೇಳಿಕೊಂಡಿರಬೇಕು. ಕೆಎಸ್ಆರ್‌ಟಿಸಿ ವಿರುದ್ಧ ಲಕ್ಷ್ಮೀದೇವಮ್ಮ ಪ್ರಕರಣ 2001ರಲ್ಲಿ ಇದನ್ನು ನಿಶ್ಚಯ ಮಾಡಿದೆ. ಅದಕ್ಕಾಗಿ ಮೂಲ ಫೈಲನ್ನು ಪುಟಸಂಖ್ಯೆ ಹಾಕಿ ಈ ಕ್ರಮದಲ್ಲಿ ಜೋಡಿಸಿಡಿ: ದೂರು, ಹೇಳಿಕೆಗಳು, ಅಮಾನತು ಆದೇಶ, ಭತ್ಯೆ ರಸೀದಿಗಳು, ಆರೋಪಪತ್ರ ಮತ್ತು ಸ್ವೀಕೃತಿ, ಉತ್ತರ, ನೋಟಿಸುಗಳು, ನಡವಳಿ, ನಿಶಾನೆಗಳು, ವರದಿ, ಹತ್ತನೇ ಹಂತದ ನೋಟಿಸ್ ಮತ್ತು ಅದರ ಉತ್ತರ, ಅಂತಿಮ ಆದೇಶ. ಸೀಲ್ ಹಾಕಿದ ತಾಮ್ರದ ಚೀಲವನ್ನೂ ಕೇಸು ಮುಗಿಯುವವರೆಗೆ ಸ್ಕ್ರ್ಯಾಪಿಗೆ ಹಾಕದೆ ಬೀಗದೊಳಗೆ ಇಡಿ.